ಏಳರಾಟದ ಲೆಕ್ಕ

ಮಧುರೆಯ ಶನಿಮಹಾತ್ಮನಿಗೆ ಎಳ್ಳೆಣ್ಣೆಯ ದೀಪ ಹಚ್ಚಿದರೆ ಗ್ರಹಚಾರ ತೊಲಗೀತು. ಬ್ಯಾಂಕಿನ ಲೆಕ್ಕದಲ್ಲಿ ಬಿದ್ದ ಕಲೆ ತೊಲಗಬೇಕಾದರೆ ಅರ್ಜಿಯನ್ನೇ ಬರೆಯಬೇಕು. ಕೆಟ್ಟುಹೋದ ‘ಸಿಬಿಲ್’ ಅನ್ನು, ಅಂದರೆ ಸಾಲದ ಚರಿತ್ರೆಯ ಅಂಕವನ್ನು, ದಲ್ಲಾಳಿಯ ಹಂಗಿಲ್ಲದೆ ತಾನೇ ಸರಿಪಡಿಸಿಕೊಳ್ಳಹೊರಟ ಹಾಲಿನ ರೈತನೊಬ್ಬನ, ಶ್ರಾವಣದಿಂದ ಶ್ರಾವಣದವರೆಗಿನ ಕಥೆ.

ಶ್ರಾವಣದ ಶನಿವಾರ, ಇನ್ನೂ ಬೆಳಕು ಹರಿಯುವ ಮೊದಲೇ, ದೊಡ್ಡಬಳ್ಳಾಪುರದಿಂದ ನೆಲಮಂಗಲದತ್ತ ಹೋಗುವ ಹಾದಿಯಲ್ಲಿ ಬಸ್ಸು, ಬೈಕು, ಟೆಂಪೋಗಳೊಡನೆ ಬರಿಗಾಲಿನವರೂ ಸಾಲುಗಟ್ಟಿ ಸಾಗುವುದನ್ನು ಒಮ್ಮೆ ಕಂಡವರಿಗೆ, ಮಧುರೆಯೆಂಬ ಆ ಊರಿನ ಹೆಸರನ್ನು ಸುತ್ತಲ ಸೀಮೆಯ ಜನ ಏಕೆ ಅಷ್ಟು ಭಯಭಕ್ತಿಯಿಂದ ಉಚ್ಚರಿಸುತ್ತಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಶನಿಮಹಾತ್ಮನ ಗುಡಿಯ ಮುಂದೆ ಕಪ್ಪು ಬಟ್ಟೆಯಲ್ಲಿ ಕಟ್ಟಿದ ಎಳ್ಳುಬತ್ತಿಗಳು ಉರಿಯುತ್ತಿರುತ್ತವೆ. ಎಳ್ಳೆಣ್ಣೆಯ ಘಾಟು ಬಟ್ಟೆಬರೆಗೆಲ್ಲ ಅಂಟಿ ಮನೆಯವರೆಗೂ ಹಿಂಬಾಲಿಸುತ್ತದೆ. ಕಾಯಿಲೆ, ಕೋರ್ಟು, ಮದುವೆಯಾಗದ ಮಗಳು, ನೀರು ಬಾರದ ಬೋರ್‌ವೆಲ್ಲು, ಹೀಗೆ ಸರತಿಯಲ್ಲಿ ನಿಂತವರ ಒಬ್ಬೊಬ್ಬರ ಕೈಯ ದೀಪಕ್ಕೂ ಒಂದೊಂದು ಕಾರಣವಿರುತ್ತದೆ.

ಹೋದ ವರ್ಷ ಅದೇ ಸರತಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಸಿಕ್ಕಿದ. ನಾಲ್ಕು ಹಸು ಕಟ್ಟಿ, ಎರಡು ಎಕರೆಯಲ್ಲಿ ರಾಗಿ ಬೆಳೆದು, ಮೈಮುರಿದು ದುಡಿಯುವವನು. ಅವನ ಕೈಯ ದೀಪದ ಕಾರಣ ಮಾತ್ರ ನಾನು ಈವರೆಗೆ ಯಾವ ಗುಡಿಯ ಮುಂದೆಯೂ ಕೇಳಿರದಂಥದು.

“ಇನ್ನೆರಡು ಹಸ ತಗಳಣ ಅಂತ ಲೋನಿಗೆ ಹೋಗಿದ್ದೆ ಮೇಷ್ಟ್ರೇ. ನಿನ್ ಸಿಬಿಲ್ಲು ಕೆಟ್ಟೋಗೈತೆ ಅಂದ್ರು. ಯಾಕೆ ಕೆಟ್ಟೈತೆ ಅಂದ್ರೆ, ಕಂಪ್ಯೂಟರು ಹಂಗೆ ತೋರಿಸ್ತೈತೆ ಅಂದ್ರು. ಪೇಟೇಲಿ ಒಬ್ಬರು, ಹದಿನೈದು ಸಾವಿರ ಕೊಟ್ರೆ ಎಲ್ಲಾ ತೊಳೆದು ಕೊಡ್ತೀನಿ ಅಂದವ್ರೆ.”

“ಕೊಟ್ಟೆಯೇನಪ್ಪ?”

“ಹಸಕ್ಕೇ ದುಡ್ಡಿಲ್ದೆ ಅಲ್ವಾ ಮೇಷ್ಟ್ರೇ ನಾನು ಸಾಲಕ್ಕೆ ಹೋಗಿದ್ದು!”

ಚಿತ್ರದ ಹಂಸ ನುಂಗಿದ ಹಾರ

ಶನಿಮಹಾತ್ಮೆಯ ಕಥೆಯನ್ನು ಅರಿಯದವರು ನಮ್ಮ ಸೀಮೆಯಲ್ಲಿ ವಿರಳ. ಪಾರಾಯಣವಾಗಿ, ಹರಿಕಥೆಯಾಗಿ, ರಾತ್ರಿಯಿಡೀ ನಡೆಯುವ ಊರ ನಾಟಕವಾಗಿ ಅದು ತಲೆಮಾರುಗಳಿಂದ ಕಿವಿಗೆ ಬಿದ್ದಿದೆ. ತುಂಬಿದ ಸಭೆಯಲ್ಲಿ ಶನಿಯನ್ನು ಹಳಿದ ವಿಕ್ರಮರಾಜನಿಗೆ ಏಳೂವರೆ ವರ್ಷಗಳ ಕಾಟ, ನಮ್ಮವರ ಮಾತಿನಲ್ಲಿ ಏಳರಾಟ, ಹಿಡಿಯುತ್ತದೆ. ರಾಜ್ಯ ಕಳೆದುಕೊಂಡು ಪರದೇಶಿಯಾಗಿ ವರ್ತಕನೊಬ್ಬನ ಮನೆಯಲ್ಲಿ ಅತಿಥಿಯಾಗಿರುವಾಗ, ಗೂಟಕ್ಕೆ ತೂಗುಹಾಕಿದ್ದ ಮುತ್ತಿನ ಹಾರವನ್ನು ಚಿತ್ರದ ಹಂಸ ಅವನ ಕಣ್ಣೆದುರಿಗೇ ನುಂಗಿಬಿಡುತ್ತದೆ. ಕಳ್ಳತನದ ಆರೋಪ ಅವನ ಮೇಲೆ ಬಂದು, ಕೈಕಾಲು ಕಡಿಸಿಕೊಂಡು, ಕೊನೆಗೆ ಎಣ್ಣೆಯ ಗಾಣದ ಮೇಲೆ ಕುಳಿತು ಎತ್ತು ಹೊಡೆಯುವ ಗತಿ ಅವನಿಗೊದಗುತ್ತದೆ.

ಈ ಕಥೆಯನ್ನು ಬಾಲ್ಯದಿಂದಲೂ ಕೇಳಿದ್ದ ನನಗೆ, ಶಿಷ್ಯನ ಸಂಕಟದ ಬೆನ್ನು ಹತ್ತಿದ ಮೇಲೆಯೇ ಅದರೊಳಗಿನ ಒಂದು ಸೂಕ್ಷ್ಮ ಹೊಳೆಯಿತು. ವಿಕ್ರಮನ ಮೇಲೆ ಇದ್ದುದು ಎರಡು ದೋಷಗಳು. ಸಭೆಯಲ್ಲಿ ಆಡಿದ ಮಾತು ಅವನದೇ. ಹಾರದ ಕಳವು ಅವನದಲ್ಲ. ಕಳವಿನ ಅಪವಾದ, ಹಂಸ ಹಾರವನ್ನು ಹೊರಹಾಕಿದ ಕ್ಷಣವೇ ಎಲ್ಲರೆದುರಿಗೆ ಕಳಚಿಬಿತ್ತು. ಆಡಿದ ಮಾತಿನ ಋಣಕ್ಕೆ ಮಾತ್ರ ಏಳೂವರೆ ವರ್ಷ ಪೂರ್ತಿ ಸಲ್ಲಬೇಕಾಯಿತು.

ಸಾಲದ ಚರಿತ್ರೆಯ ಕಲೆಗಳೂ ಈ ಎರಡೇ ಜಾತಿಯವು. ಪರರ ತಪ್ಪಿನಿಂದ ಬಿದ್ದುದನ್ನು ಹಕ್ಕಿನಿಂದ ಅಳಿಸಬಹುದು. ತನ್ನ ತಪ್ಪಿನಿಂದ ಬಿದ್ದುದನ್ನು ಕಾಲವೂ ಕ್ರಮವೂ ಸೇರಿ ಮಸುಕುಗೊಳಿಸಬೇಕು. ಯಾವುದು ಯಾವ ಜಾತಿಯದೆಂದು ವಿಂಗಡಿಸಬಲ್ಲವನಿಗೆ ಈ ವಿದ್ಯೆಯಲ್ಲಿ ಕಲಿಯತಕ್ಕದ್ದು ಹೆಚ್ಚೇನೂ ಉಳಿಯುವುದಿಲ್ಲ.

ಅಳಿಸಬಹುದಾಗಿದ್ದ ಪುಸ್ತಕ

ಹಿಂದೆ ನಮ್ಮ ವರ್ತಕರೂ ಮಠಗಳವರೂ ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಇಂದು ಕಚೇರಿಯ ಫೈಲಿಗೆ ಅಂಟಿರುವ ಆ ಹೆಸರು ಮೂಲತಃ ಬಟ್ಟೆಯ ಪುಸ್ತಕದ್ದು: ಹುಣಿಸೆಬೀಜದ ಅಂಟಿಗೆ ಇದ್ದಿಲಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಆ ಕರಿಯ ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು.

ಸಾಲಗಾರನ ಯೋಗ್ಯತೆಯ ದಾಖಲೆಯಾದರೋ ಆ ಕಡತಕ್ಕಿಂತ ಮಿಗಿಲಾಗಿ ಊರವರ ನೆನಪಿನಲ್ಲಿರುತ್ತಿತ್ತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದಾಗ ಅದಕ್ಕೆ ಆಧಾರವಾಗಿದ್ದ 1904ರ ಕಾಯಿದೆ, ಗ್ರಾಮೀಣ ಸಂಘದ ಸದಸ್ಯರಿಗೆ ಅಪರಿಮಿತ ಹೊಣೆಯನ್ನು ಹೊರಿಸಿತ್ತು. ಒಬ್ಬನು ಕೈಯೆತ್ತಿದರೆ ಉಳಿದವರ ಕಿಸೆಗೆ ಕತ್ತರಿ. ಆದುದರಿಂದ ಯಾರು ಕೊಟ್ಟ ಮಾತಿಗೆ ನಿಲ್ಲುವವರು, ಯಾರು ನಿಲ್ಲದವರು ಎಂಬುದನ್ನು ಪ್ರತಿಯೊಬ್ಬ ಸದಸ್ಯನೂ ತಿಳಿದಿರಲೇಬೇಕಾಗಿತ್ತು. ‘ಪತ್ತು’ ಎಂಬ ಪದವೇ ನಂಬಿಕೆಯ ಇನ್ನೊಂದು ಹೆಸರು.

ಊರು ದೊಡ್ಡದಾದಂತೆ ಈ ನೆನಪು ಸಾಲದಾಗುತ್ತದೆ. ಅಮೆರಿಕದಲ್ಲಿ 1837ರ ಆರ್ಥಿಕ ಕುಸಿತದಿಂದ ತತ್ತರಿಸಿದ ಲೂಯಿಸ್ ಟಪ್ಪನ್ ಎಂಬ ವರ್ತಕ 1841ರಲ್ಲಿ ನ್ಯೂಯಾರ್ಕಿನಲ್ಲಿ ಮರ್ಕಂಟೈಲ್ ಏಜೆನ್ಸಿಯನ್ನು ತೆರೆದು, ಊರೂರಿನ ವ್ಯಾಪಾರಿಗಳ ನಡತೆ, ಆಸ್ತಿ, ಬಾಕಿಗಳ ವರದಿಯನ್ನು ತರಿಸಿ ಮಾರತೊಡಗಿದ. ಆ ಏಜೆನ್ಸಿಗೆ ವರದಿ ಬರೆದು ಕಳುಹಿಸುತ್ತಿದ್ದ ವಕೀಲರಲ್ಲಿ ಮುಂದೆ ಅಧ್ಯಕ್ಷನಾದ ಅಬ್ರಹಾಂ ಲಿಂಕನ್ನನೂ ಒಬ್ಬ.

ನಮ್ಮಲ್ಲಿ ಸಿಬಿಲ್ ಸಂಸ್ಥೆ ಹುಟ್ಟಿದ್ದು 2000ದಲ್ಲಿ. ಅದಕ್ಕೆ ಕಾನೂನಿನ ಚೌಕಟ್ಟು ಬಂದದ್ದು 2005ರ ಸಾಲಮಾಹಿತಿ ಕಂಪನಿಗಳ ನಿಯಂತ್ರಣ ಕಾಯಿದೆಯಿಂದ. ಇಂದು ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಕಂಪನಿಗಳು ಈ ಕೆಲಸದಲ್ಲಿವೆಯಾದರೂ, ಜನರ ಬಾಯಲ್ಲಿ ನಾಲ್ಕಕ್ಕೂ ಒಂದೇ ಹೆಸರು: ಸಿಬಿಲ್ಲು. ಈ ಹೊಸ ಕಡತವನ್ನು ನಿಯಮದ ಪ್ರಕಾರ ಕನಿಷ್ಠ 7 ವರ್ಷ ಕಾಪಾಡಬೇಕು. ಏಳರಾಟಕ್ಕೆ ಆರು ತಿಂಗಳಷ್ಟೇ ಕಡಮೆ!

> ಅಂಕದ ಅಳತೆಗೋಲು
> • ಅಂಕ 300ರಿಂದ 900ರವರೆಗೆ. ಹೆಚ್ಚಿದಷ್ಟೂ ಒಳ್ಳೆಯದು.
> • ಇಷ್ಟೇ ಅಂಕವಿರಬೇಕೆಂದು ರಿಸರ್ವ್ ಬ್ಯಾಂಕ್ ಗೊತ್ತುಮಾಡಿಲ್ಲ. ಅದು ಆಯಾ ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು.
> • ಹಿಂದೆಂದೂ ಸಾಲ ಮಾಡಿಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿಯ ಅರ್ಜಿಯನ್ನು ತಳ್ಳಿಹಾಕಬಾರದೆಂದು ರಿಸರ್ವ್ ಬ್ಯಾಂಕ್ ಸಾಲದಾತರಿಗೆ ತಿಳಿಸಿದೆ.
> • ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ಹತ್ತು ಕಡೆ ಸಾಲಕ್ಕೆ ಅರ್ಜಿ ಹಾಕಿದರೆ ಇಳಿಯಬಹುದು.
> • ಜಾಮೀನು ನಿಂತ ಸಾಲವೂ ನಿಮ್ಮ ವರದಿಯಲ್ಲಿ ಬರುತ್ತದೆ.

ಜಾತಕ ಕೈಗೆ ಬಂತು

ಮರುದಿನ ಶಿಷ್ಯ ನಮ್ಮ ಮನೆಗೆ ಬಂದ. ಪ್ರತಿಯೊಬ್ಬನಿಗೂ ವರ್ಷಕ್ಕೊಮ್ಮೆ ಅಂಕಸಮೇತವಾದ ಸಂಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ಆದೇಶ 2017ರ ಜನವರಿಯಿಂದಲೇ ಜಾರಿಯಲ್ಲಿದೆ. ಕಂಪನಿಗಳು ನಾಲ್ಕಿರುವುದರಿಂದ ಮೂರು ತಿಂಗಳಿಗೊಂದರಂತೆ ನಾಲ್ಕು ವರದಿಗಳನ್ನು ಪುಕ್ಕಟೆಯಾಗಿ ಪಡೆಯಬಹುದು. ಈ ಸಂಗತಿ ನನಗೂ ಆ ದಿನವೇ ತಿಳಿದದ್ದು. ನನ್ನ ಮೊಮ್ಮಗಳು ಅವನ ಪ್ಯಾನ್ ಸಂಖ್ಯೆಯನ್ನೂ ಮೊಬೈಲಿಗೆ ಬಂದ ಒಟಿಪಿಯನ್ನೂ ಒತ್ತಿ, ಹತ್ತು ನಿಮಿಷದೊಳಗೆ ಅವನ ಜಾತಕವನ್ನು ಇಳಿಸಿಕೊಟ್ಟಳು. ಅಂಕ 584.

ಅವನ ಮುಖ ಬಾಡಿತು. ಆದರೆ ಈ ಅಂಕವನ್ನು ದಿಟ್ಟಿಸುತ್ತ ಕೂರುವುದರಿಂದ ಪ್ರಯೋಜನವಿಲ್ಲ; ಅದು ಜ್ವರಮಾಪಕದ ಗೆರೆಯಿದ್ದಂತೆ, ರೋಗವಿರುವುದು ಒಳಗಿನ ಪುಟಗಳಲ್ಲಿ. ಅಲ್ಲಿ ಪ್ರತಿಯೊಂದು ಸಾಲಕ್ಕೂ ಒಂದು ಪಟ್ಟಿ: ಯಾವಾಗ ಪಡೆದದ್ದು, ಎಷ್ಟು ಬಾಕಿ, ತೀರಿತೋ ಇಲ್ಲವೋ. ಅದರ ಕೆಳಗೆ 36 ತಿಂಗಳವರೆಗಿನ ಪುಟ್ಟ ಪುಟ್ಟ ಮನೆಗಳು. ಮನೆಯಲ್ಲಿ 000 ಎಂದಿದ್ದರೆ ಆ ತಿಂಗಳ ಕಂತು ಸಕಾಲದಲ್ಲಿ ಸಂದಿದೆ. 030 ಎಂದಿದ್ದರೆ ಮೂವತ್ತು ದಿನ ತಡ. ತೊಂಬತ್ತು ದಾಟಿದ ಸಾಲವನ್ನು ಬ್ಯಾಂಕು ವಸೂಲಾಗದ ಸಾಲದ ಗುಂಪಿಗೆ ಸೇರಿಸುತ್ತದೆ.

ಬೆರಳಿಟ್ಟು ಸಾಲು ಸಾಲಾಗಿ ಓದುತ್ತ ಹೋದಾಗ ಮೂರು ಕಲೆಗಳು ಸಿಕ್ಕವು.

ಮೊದಲನೆಯದು, ಎಂದೋ ತೀರಿಸಿದ್ದ ಬೈಕಿನ ಸಾಲ. ಕೊನೆಯ ಕಂತು ಕಟ್ಟಿ, ಬಾಕಿಯಿಲ್ಲವೆಂಬ ಪತ್ರವನ್ನೂ ಪಡೆದು, ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದ. ವರದಿಯಲ್ಲಿ ಮಾತ್ರ ಆ ಸಾಲ ಇನ್ನೂ ಜೀವಂತವಾಗಿ, ಒಂದು ಸಾವಿರ ಚಿಲ್ಲರೆ ರೂಪಾಯಿಯ ಬಾಕಿಯೊಡನೆ ಕುಳಿತಿತ್ತು.

ಎರಡನೆಯದು, ಅವನು ಕಂಡೇ ಇರದ ಊರಿನಲ್ಲಿ ಪಡೆದ ಚಿನ್ನದ ಸಾಲ. ಇದು ನಮ್ಮ ಕಡೆಯ ಹೆಸರುಗಳ ಮಹಿಮೆ. ಮುನಿಯಪ್ಪ, ನಾರಾಯಣಪ್ಪ, ಹನುಮಂತರಾಯಪ್ಪ ಎಂದು ಕೂಗಿದರೆ ಊರೂರಿನಲ್ಲಿ ನಾಲ್ಕು ಮಂದಿ ಓಗೊಡುತ್ತಾರೆ. ಮನೆತನದ ಹೆಸರೆಂಬುದಿಲ್ಲ, ಇರುವುದು ತಂದೆಯ ಹೆಸರಿನ ಒಂದು ಇನಿಷಿಯಲ್ಲು. ಅದು ಒಂದು ಕಾಗದದಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ, ಇಂಗ್ಲಿಷಿನ ಕಾಗುಣಿತವಂತೂ ಗುಮಾಸ್ತನ ಚಿತ್ತದಂತೆ. ಯಂತ್ರ ಇಬ್ಬರನ್ನು ಒಬ್ಬನೆಂದೆಣಿಸಿದರೆ ಅಚ್ಚರಿಯೇನು?

ಮೂರನೆಯದನ್ನು ಓದಿದಾಗ ಅವನು ಕತ್ತು ತಗ್ಗಿಸಿದ. ಕೊರೊನಾ ಕಳೆದ ಕಾಲದಲ್ಲಿ ಹಾಲು ಕೊಡುವ ಹಸುವೊಂದು ಸತ್ತು, ವೈಯಕ್ತಿಕ ಸಾಲದ ಐದು ಕಂತು ತಪ್ಪಿ, ಕೊನೆಗೆ ಎಪ್ಪತ್ತು ಸಾವಿರದ ಬಾಕಿಗೆ ಐವತ್ತೆರಡು ಸಾವಿರ ಕೊಟ್ಟು ರಾಜಿ ಮಾಡಿಕೊಂಡಿದ್ದ. ವಿನಾಯಿತಿ ಸಿಕ್ಕಿತೆಂದು ಅಂದು ಮನೆಯಲ್ಲಿ ಒಬ್ಬಟ್ಟು ಮಾಡಿದ್ದರಂತೆ. ಆ ಹದಿನೆಂಟು ಸಾವಿರದ ವಿನಾಯಿತಿ ವರದಿಯಲ್ಲಿ ‘ಸೆಟಲ್ಡ್’ ಎಂಬ ಒಂದು ಪದವಾಗಿ ಕುಳಿತಿತ್ತು. ಸಾಲ ಕೊಡುವವರ ಕಣ್ಣಿಗೆ ಆ ಪದದ ಅರ್ಥ, ಈತ ಪೂರ್ತಿ ಕೊಡಲಿಲ್ಲ ಎಂದು.

“ಮೊದಲ ಎರಡು ಹಂಸ ನುಂಗಿದ ಹಾರ ಕಣಪ್ಪ,” ಎಂದೆ. “ಮೂರನೆಯದು ಸಭೆಯಲ್ಲಿ ಆಡಿದ ಮಾತು.” ನಾಟಕದಲ್ಲಿ ಎರಡು ಬಾರಿ ಪಾತ್ರ ಕಟ್ಟಿದ್ದ ಅವನಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

ಮೂವತ್ತು ದಿನದ ಗಡುವು

ತಪ್ಪು ಮಾಹಿತಿಯನ್ನು ತಿದ್ದಿಸಿಕೊಳ್ಳುವ ಹಕ್ಕು 2005ರ ಕಾಯಿದೆಯ 21ನೆಯ ವಿಧಿಯಲ್ಲಿಯೇ ಇದೆ. ಮಾಹಿತಿ ಕಂಪನಿಯ ತಾಣದಲ್ಲಿ ‘ಡಿಸ್ಪ್ಯೂಟ್’ ಎಂಬ ಗುಂಡಿಯಿರುತ್ತದೆ. ಯಾವ ಖಾತೆ, ಯಾವ ಸಾಲು, ಏನು ತಪ್ಪು ಎಂದು ತಿಳಿಸಿದರೆ ಅವರು ಅದನ್ನು ಸಂಬಂಧಪಟ್ಟ ಬ್ಯಾಂಕಿಗೆ ಕಳುಹಿಸುತ್ತಾರೆ. ಬ್ಯಾಂಕು ಒಪ್ಪಿದ ಹೊರತು ಕಂಪನಿ ತಾನಾಗಿ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಆದಕಾರಣ ಕಂಪನಿಗೂ ಬ್ಯಾಂಕಿಗೂ ಒಂದೇ ದಿನ ಬರೆಯುವುದು ಜಾಣತನ.

ನಾವು ಹಾಗೆಯೇ ಮಾಡಿದೆವು. ದೇವರ ಪಟದ ಹಿಂದಿನ ಪತ್ರವನ್ನು, ಕುಂಕುಮ ಹತ್ತಿದ್ದರೂ ಸರಿಯೆಂದು, ಫೋಟೋ ತೆಗೆದು ಲಗತ್ತಿಸಿದೆವು. ಚಿನ್ನದ ಸಾಲದ ವಿಷಯದಲ್ಲಿ, ಆ ಸಾಲಗಾರನ ಪ್ಯಾನ್, ಜನ್ಮದಿನಾಂಕ, ವಿಳಾಸಗಳನ್ನು ತನ್ನವುಗಳೊಡನೆ ತಾಳೆ ನೋಡಬೇಕೆಂದು ಶಿಷ್ಯ ನಾಲ್ಕು ಸಾಲು ಬರೆದ. ದೂರು ದಾಖಲಾದ ಸಂಖ್ಯೆಯನ್ನೂ ತಾರೀಖನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಹಾಕಿಕೊಂಡ.

ತಾರೀಖನ್ನು ಗುರುತಿಟ್ಟದ್ದು ವ್ಯರ್ಥವಾಗಲಿಲ್ಲ. 2023ರ ಅಕ್ಟೋಬರಿನಲ್ಲಿ ಹೊರಟು 2024ರ ಏಪ್ರಿಲಿನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಆದೇಶದಂತೆ, ದೂರು ಕೊಟ್ಟ ದಿನದಿಂದ 30 ದಿನಗಳೊಳಗೆ ಅದು ಇತ್ಯರ್ಥವಾಗಬೇಕು. ಅದರಲ್ಲಿ 21 ದಿನ ಬ್ಯಾಂಕಿನ ಪಾಲು. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ, ತಡಮಾಡಿದವರು ದೂರುದಾರನಿಗೆ ಪರಿಹಾರ ತೆರಬೇಕು.

ಚಿನ್ನದ ಸಾಲ ಗಡುವಿನೊಳಗೇ ಮಾಯವಾಯಿತು. ಬೈಕಿನ ಸಾಲದವರು ಮಾತ್ರ ಹಳೆಯ ದಾಖಲೆ ಹುಡುಕುತ್ತಿದ್ದೇವೆಂದು ಹೇಳುತ್ತ ನಲವತ್ತೊಂದು ದಿನ ಕಳೆದರು. ಹೆಚ್ಚುವರಿ ಹನ್ನೊಂದು ದಿನಕ್ಕೆ 1,100 ರೂಪಾಯಿ ಅವನ ಖಾತೆಗೆ ಬಂದು ಬಿದ್ದ ದಿನ, ಅವನು ಫೋನಿನಲ್ಲಿ ನಕ್ಕ ನಗು ನನಗೆ ಈಗಲೂ ಕೇಳಿಸುತ್ತಿದೆ: “ನಾನು ತಡ ಮಾಡಿದ್ರೆ ದಂಡ ಹಾಕ್ತಿದ್ರು. ಈಗ ಅವರೇ ನಂಗೆ ದಂಡ ಕಟ್ಟವ್ರೆ ಮೇಷ್ಟ್ರೇ!”

> ದೂರಿನ ಮೆಟ್ಟಿಲುಗಳು
> 1. ಮಾಹಿತಿ ಕಂಪನಿಗೂ ಸಾಲ ಕೊಟ್ಟ ಸಂಸ್ಥೆಗೂ ಒಟ್ಟಿಗೇ ದೂರು. ಶುಲ್ಕವಿಲ್ಲ.
> 2. ಅಲ್ಲಿ ಫಲವಿಲ್ಲದಿದ್ದರೆ ಬ್ಯಾಂಕಿನ ನೋಡಲ್ ಅಧಿಕಾರಿಗೆ ಲಿಖಿತ ದೂರು.
> 3. 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ, ಅಥವಾ ಉತ್ತರ ಸಮಾಧಾನಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಸಾಲಮಾಹಿತಿ ಕಂಪನಿಗಳೂ 2022ರ ಸೆಪ್ಟೆಂಬರಿನಿಂದ ಈ ವ್ಯವಸ್ಥೆಯೊಳಗಿವೆ. ಮಾಹಿತಿಗೆ 14448.
> 4. ಗಂಟು ಕಟ್ಟಿಟ್ಟುಕೊಳ್ಳಬೇಕಾದದ್ದು: ಬಾಕಿಯಿಲ್ಲದ ಪತ್ರ, ಕೊನೆಯ ಕಂತಿನ ರಸೀತಿ, ದೂರಿನ ಸಂಖ್ಯೆ.

ತನ್ನದೇ ಕಲೆ

ಎರಡು ಅಪವಾದಗಳು ಕಳಚಿದ ಮೇಲೆ ಅಂಕ 641ಕ್ಕೆ ಏರಿತು. ಉಳಿದದ್ದು ಮೂರನೆಯದು.

ದಲ್ಲಾಳಿಗಳ ಮಾಯೆ ತೆರೆದುಕೊಳ್ಳುವುದು ಈ ಘಟ್ಟದಲ್ಲಿಯೇ. ತಪ್ಪು ಮಾಹಿತಿಯನ್ನು ತಿದ್ದಿಸಲು ಅವರು ಮಾಡುವುದೂ ಅದೇ ಉಚಿತ ಅರ್ಜಿ. ನಿಜವಾದ ಮಾಹಿತಿಯನ್ನು ಅಳಿಸಲು ಅವರಿಗೂ ಯಾವ ದಾರಿಯೂ ಇಲ್ಲ. ಈ ವ್ಯಾಪಾರದ ಬಾಧೆ ನಮಗೆ ಮಾತ್ರ ಬಂದದ್ದಲ್ಲ. ಕೆಲಸ ಮುಗಿಯುವ ಮುನ್ನವೇ ಹಣ ಕೀಳುವ ‘ಕ್ರೆಡಿಟ್ ರಿಪೇರಿ’ ಅಂಗಡಿಗಳ ಹಾವಳಿ ತಾಳಲಾರದೆ ಅಮೆರಿಕದ ಸಂಸತ್ತು 1996ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿ ಮುಂಗಡ ವಸೂಲಿಯನ್ನು ನಿಷೇಧಿಸಬೇಕಾಯಿತು.

ಶಿಷ್ಯ ಒಂದು ಸರಳ ಲೆಕ್ಕ ಹಾಕಿದ. ದಲ್ಲಾಳಿ ಕೇಳಿದ್ದು ಹದಿನೈದು ಸಾವಿರ. ಅದಕ್ಕೆ ಮೂರು ಸಾವಿರ ಸೇರಿಸಿದರೆ ಅಂದು ಬಿಟ್ಟುಹೋದ ಹದಿನೆಂಟು ಸಾವಿರವಾಗುತ್ತದೆ. ಸಾಲ ಕೊಟ್ಟಿದ್ದವರ ಬಳಿಗೆ ಹೋಗಿ, ಬಿಟ್ಟ ಹಣವನ್ನು ಈಗ ಕಟ್ಟುತ್ತೇನೆ, ಖಾತೆ ಪೂರ್ತಿ ಮುಕ್ತಾಯವಾಯಿತೆಂದು ಬರೆದುಕೊಡಿ ಎಂದು ಕೇಳಿದ. ಅವರು ಒಪ್ಪಲೇಬೇಕೆಂಬ ನಿಯಮವೇನೂ ಇಲ್ಲ, ಒಪ್ಪಿದರು. ಒಪ್ಪಿಗೆಯನ್ನು ಮೊದಲು ಕಾಗದದ ಮೇಲೆ ಪಡೆದು, ಅನಂತರವೇ ಹಣ ಕಟ್ಟಿದ್ದು ಅವನ ಹೆಂಡತಿಯ ಬುದ್ಧಿವಂತಿಕೆ. ಡೇರಿಯ ಬಟವಾಡೆ ಬಂದಾಗಲೆಲ್ಲ ಒಂದಿಷ್ಟು ತೆಗೆದಿಟ್ಟು, ಆರು ತಿಂಗಳಲ್ಲಿ ಆ ಋಣ ಹರಿಯಿತು.

‘ಸೆಟಲ್ಡ್’ ಹೋಗಿ ‘ಕ್ಲೋಸ್ಡ್’ ಬಂತು. ಆದರೂ ತಪ್ಪಿದ ಆ ಐದು ಕಂತುಗಳ ಮನೆಗಳು ಹಾಗೆಯೇ ನಿಂತವು. ಅವು ನಡೆದ ಸಂಗತಿ. ನಡೆದುದನ್ನು ನಡೆಯಲಿಲ್ಲವೆನ್ನಿಸುವ ಅರ್ಜಿ ಯಾವ ಕಚೇರಿಯಲ್ಲಿಯೂ ಸಿಗುವುದಿಲ್ಲ. ಮಾಡಬಹುದಾದದ್ದು, ಹಳೆಯ ಮನೆಗಳ ಪಕ್ಕದಲ್ಲಿ ಒಂದೊಂದಾಗಿ 000 ಎಂಬ ಹೊಸ ಮನೆಗಳನ್ನು ಕಟ್ಟುತ್ತ ಹೋಗುವುದು. ಅವನು ಬ್ಯಾಂಕಿನಲ್ಲಿ ಇಪ್ಪತ್ತು ಸಾವಿರದ ಠೇವಣಿಯಿಟ್ಟು, ಅದರ ಆಧಾರದ ಮೇಲೆ ಒಂದು ಕಾರ್ಡು ಪಡೆದು, ತಿಂಗಳಿಗೆ ಎರಡು ಮೂಟೆ ಬೂಸಾ ಮಾತ್ರ ಅದರಿಂದ ಕೊಂಡು, ಗಡುವಿಗೆ ಮುಂಚೆಯೇ ಪೂರ್ತಿ ಕಟ್ಟತೊಡಗಿದ. ಮಿತಿಯ ಮೂರನೆಯ ಒಂದು ಪಾಲನ್ನು ಮೀರಿ ಬಳಸಬಾರದೆಂಬುದು ಬಲ್ಲವರ ಹಿತನುಡಿ. ಬೆಳೆಸಾಲವನ್ನು ವಾಯಿದೆಗೆ ಸರಿಯಾಗಿ ನವೀಕರಿಸಿದ. ಷಡ್ಡಕ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಕೇಳಿದಾಗ ಮಾತ್ರ, ಮನಸ್ಸಿಲ್ಲದ ಮನಸ್ಸಿನಿಂದ, ಕೈಮುಗಿದ.

ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ಮಾಹಿತಿ ಸಲ್ಲಿಸಬೇಕೆಂಬ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ, ಒಳ್ಳೆಯದೂ ಕೆಟ್ಟದ್ದೂ ಈಗ ಮೊದಲಿಗಿಂತ ಬೇಗ ಕಡತ ಸೇರುತ್ತದೆ.

> ಮರೆಯಬಾರದ ಮೂರು
> • ಕಂತು ತಪ್ಪುವ ಸೂಚನೆ ಕಂಡ ಕೂಡಲೇ ಬ್ಯಾಂಕಿಗೆ ಹೋಗಿ ಮಾತನಾಡಿ. 90 ದಿನ ದಾಟಗೊಡಬೇಡಿ.
> • ಮನೆ, ಜಮೀನಿನ ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದು 2023ರ ಡಿಸೆಂಬರಿನಿಂದ ಜಾರಿಯಲ್ಲಿರುವ ನಿಯಮ.
> • ನಿಮ್ಮ ವರದಿಯನ್ನು ಯಾರಾದರೂ ತೆರೆದರೆ ಮೊಬೈಲಿಗೆ ಸಂದೇಶ ಬರಬೇಕು. ನೀವು ಸಾಲ ಕೇಳದೆಯೇ ಅಂಥ ಸಂದೇಶ ಬಂದರೆ ಎಚ್ಚರ.

ಮತ್ತೆ ಶ್ರಾವಣ

ಈ ವರ್ಷದ ಶ್ರಾವಣದಲ್ಲಿ ಅವನೇ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಧುರೆಗೆ ಕರೆದೊಯ್ದ. ಅಂಕ ಈಗ 698. ಎರಡು ಹಸುವಿಗೆ ಸಾಲ ಕೇಳಿದ್ದಕ್ಕೆ ಬ್ಯಾಂಕು ಒಂದಕ್ಕೆ ಕೊಟ್ಟಿದೆ. ಇದನ್ನು ಸರಿಯಾಗಿ ಕಟ್ಟಿದರೆ ಮುಂದಿನ ವರ್ಷ ಇನ್ನೊಂದನ್ನು ನೋಡೋಣವೆಂದಿದ್ದಾರಂತೆ.

ಸರತಿಯಲ್ಲಿ ನಿಂತಾಗ ಕಿಸೆಯಿಂದ ಹೊಸ ವರದಿಯ ಪ್ರತಿಯನ್ನು ತೆಗೆದು ತೋರಿಸಿದ. ತಪ್ಪಿದ ಐದು ಕಂತುಗಳಲ್ಲಿ ಎರಡು, ಪಟ್ಟಿಯ ಅಂಚಿನಲ್ಲಿ ಇನ್ನೂ ಕಾಣುತ್ತಿದ್ದವು. ಅವುಗಳ ಮೇಲೆ ನನ್ನ ಕಣ್ಣು ಬಿದ್ದುದನ್ನು ಅವನು ಗಮನಿಸಿದ.

“ಅವು ಇರ್ಲಿ ಬಿಡಿ ಮೇಷ್ಟ್ರೇ,” ಎಂದ. “ಅವು ನಂದೇ.”

ದೀಪ ಹಚ್ಚಿ, ಕೈಯ ಎಣ್ಣೆಯನ್ನು ತಲೆಗೆ ಒರೆಸಿಕೊಂಡು, ಹಾಲು ಕರೆಯುವ ಹೊತ್ತಾಯಿತೆಂದು ಅವನು ಬೈಕಿನತ್ತ ಹೊರಟ.